ಎಣ್ಣೆಕಡ್ಡಿ

"ಎಲ್ಲ ಕಾರಿಗೂ ಎಂಜಿನ್ ಆರಿಸಿ ಎಣ್ಣೆ ನೋಡುತ್ತಾರೆ,
ಇದಕ್ಕೆ ಮಾತ್ರ ಯಾಕೆ ಓಡುತ್ತಿರುವಾಗಲೇ?"
ಕೈಗವಸು ಕಳಚುತ್ತ ಕೇಳಿದಳು
ಹಲ್ಲಿನ ಡಾಕ್ಟರು ಮೆಖ್ಟಿಲ್ಡ್.

ಸ್ಟುಟ್‌ಗಾರ್ಟಿನ ಅಂಚು, ಹೊರಗೆ ಆಲಿಕಲ್ಲು.
ವೆಂಡೆಲೀನ್ ಕಡ್ಡಿ ಒರೆಸಿದ, ಮತ್ತೆ ಅದ್ದಿದ.
ಎಡಗೈಯ ಎರಡು ಬೆರಳಿಗೆ ಉಗುರಿಲ್ಲ.

ರೇಸಿನ ರಾತ್ರಿ. ಹನ್ನೊಂದನೆಯ ತಾಸು.
ಮುಗಿಯದ ಬಲತಿರುವಿನಲ್ಲಿ
ಎಣ್ಣೆಯೆಲ್ಲ ಎಡಕ್ಕೆ ಸರಿದು
ಬೇರಿಂಗಿನ ಗಂಟಲು ಒಣಗಿತು.
ಎಂಜಿನ್ ಕೂಗಲಿಲ್ಲ;
ಹಲ್ಲು ಕಚ್ಚಿ ನಿಂತಿತು, ಅಷ್ಟೇ.
ಬೆಳಕು ಹರಿಯುವವರೆಗೆ ಬಿಚ್ಚುತ್ತ ಕೂತಿದ್ದ,
ಬಿಸಿ ಲೋಹಕ್ಕೆ ಬೆರಳು ಕೊಟ್ಟು.

ಮರುವರ್ಷ ಎಣ್ಣೆಗೆ ಬೇರೆಯೇ ತೊಟ್ಟಿ, ಎರಡು ಪಂಪು.
ಆಮೇಲೆ ಅದೇ ತೊಟ್ಟಿ, ಅದೇ ಪಂಪು
ಷೋರೂಮಿನ ಕಾರಿಗೂ ಇಳಿದವು,
ಸೋತ ರಾತ್ರಿಯ ಹೆಸರು ಹೇಳದೆ.

ಅವನೂ ಹೇಳಲಿಲ್ಲ.
"ನಿಂತಾಗ ಎಣ್ಣೆ ತಳಕ್ಕಿಳಿದು ಅಡಗುತ್ತದೆ.
ಬಿಸಿಯಿದ್ದಾಗಲೇ ಇದರ ಬಾಯಲ್ಲಿ ನಿಜ," ಎಂದ.

ಹಿಂದೆ ಫ್ಯಾನು ಗುಂಯ್‌ಗುಡುತ್ತಿತ್ತು.
ಗಾಳಿ ಬೆಂಕಿಯ ನಂಟ, ಸರಿ;
ಇಲ್ಲಿ ಮಾತ್ರ ಸುಡುವ ಹಣೆಗೆ
ಒದ್ದೆ ಬಟ್ಟೆ.

ಅವಳು ಹೊರಟಳು, ಗಂಟೆಗೆ ಮೂವತ್ತು ಕಿಲೋಮೀಟರು,
ಬೇಕರಿಯ ಪಕ್ಕದ ಬಲತಿರುವಿಗೆ.
ವೆಂಡೆಲೀನ್ ಬಾಗಿಲಲ್ಲಿ ನಿಂತು
ತಿರುವು ಮುಗಿಯುವವರೆಗೂ
ಕಿವಿಗೊಟ್ಟಿದ್ದ.