ದೀವದ ಚಿಗರಿ

ಮಳೆ ಬರಬಾರದ ತಿಂಗಳಲ್ಲಿ ಬಂತು.
ಎಳ್ಳಮಾಸಿಗೆ ಚರಗ ಚೆಲ್ಲಿ ಮೂರನೇ ದಿನ,
ಕಡಲೆ ಹೂವಿನಲ್ಲಿತ್ತು, ಜೋಳದ ತೆನೆಗೆ ಹಾಲು ತುಂಬಿತ್ತು,
ಮೂಡಲಿಂದ ಸೂಜಿ ಸೂಜಿ ಗಾಳಿ.
ನಾಲ್ಕು ರಾತ್ರಿ.
ನಮ್ಮವ್ವ ಆಗ ಏಳರ ಹುಡುಗಿ;
ಅವಳು ಹೇಳಿದ್ದನ್ನೇ ಹೇಳುತ್ತಿದ್ದೇನೆ.
ಎರಡು ಕಡೆ ಅವಳು ಸುಮ್ಮನಾದಳು,
ಅಲ್ಲಿ ನಾನೂ ಏನೂ ಸೇರಿಸಿಲ್ಲ.

ಯಲಬುರ್ಗಾದ ಆಚೆಯ ಎರೆ
ಒಣಗಿದರೆ ಕಲ್ಲು, ನೆನೆದರೆ ಅಂಟು.
ಹತ್ತು ಹೆಜ್ಜೆ ಇಟ್ಟರೆ ಹನ್ನೊಂದನೆಯದಕ್ಕೆ
ಕಾಲಿಗೊಂದು ತುಂಬಿದ ಕೊಡ ಕಟ್ಟಿದಂತೆ.
ಚಿಗರಿಗೆ ಇರುವುದು ಓಟವೊಂದೇ.
ಗೂಡಿಲ್ಲ, ಗವಿಯಿಲ್ಲ, ಮರದ ಮರೆಯೂ ಇಲ್ಲ.
ಆ ಓಟವನ್ನು ಮಣ್ಣು ಹಿಡಿದುಕೊಂಡಿತು.

ಮುತ್ಯಾ ಹುಲಿಗೆಪ್ಪ ಐದನೇ ಬೆಳಿಗ್ಗೆ
ಕಂಬಳಿ ಕೊಪ್ಪೆ ಹೊದ್ದು ಹೊರಟ, ಬಲೆ ಒಯ್ಯಲಿಲ್ಲ.
ಬದುವಿನ ಜಾಲಿಗೆ ಆನಿಕೊಂಡು ಕೂತಂತೆ ಹನ್ನೆರಡು,
ಕಣ್ಣು ತೆರೆದೇ ಇದ್ದವು.
ಹಳ್ಳದ ದಂಡೆಗೆ, ಮರಿಗಳನ್ನು ನಡುವೆ ಹಾಕಿಕೊಂಡು
ಸುತ್ತ ತಾಯಂದಿರು, ಬಣವೆ ಕುಸಿದ ಹಾಗೆ.
ಕರಿ ಗಂಡುಗಳು ಒಂಟೊಂಟಿ,
ತಮ್ಮ ತಮ್ಮ ಗಡಿ ಬಿಡದೆ.
ಇನ್ನೂ ಉಸಿರಿದ್ದ ಒಂದರ ಕಿವಿ ಹಿಡಿದು ನೋಡಿದನಂತೆ:
ಕಿವಿ ತಂಪು, ಬಾಯಲ್ಲಿ ಅಗಿಯದ ಕಡಲೆ ಸೊಪ್ಪು.

ಊರವರು ಬಂಡಿ ಕಟ್ಟಿಕೊಂಡು ಬಂದರು.
ಪುಕ್ಕಟೆ ಮಾಂಸ, ಯಾಕೆ ಬಿಡಬೇಕು?
"ನಿಮಗ ಹಬ್ಬ ಆತಲ್ಲೋ ಹುಲಿಗೆಪ್ಪ,
ಬಲಿ ಇಲ್ಲದ ಬ್ಯಾಟಿ!" ಅಂದ ಗೌಡರ ಆಳು.
"ಓಡಲಾರದ್ದು ಬ್ಯಾಟಿ ಅಲ್ಲ, ಹೆಣ" ಅಂದ ಮುತ್ಯಾ.
ಅಂದನೋ ಇಲ್ಲವೋ. ಅಂದ ಅಂತಾಳೆ ಅವ್ವ.
ಅವತ್ತು ನಮ್ಮ ಗುಡಿಸಲಲ್ಲೂ ಗಡಿಗೆ ಕುದಿಯಿತು,
ಅದನ್ನೂ ಅವಳೇ ಹೇಳುತ್ತಾಳೆ.

ಒಂದು ಉಳಿದಿತ್ತು.
ಒಲೆಯ ಪಕ್ಕ, ಗೂಟಕ್ಕೆ, ಆಡುಗಳ ಜೊತೆ:
ದೀವದ ಚಿಗರಿ, ಹೆಸರು ಸಾವ್ಕಾರ.
ಮರಿಯಿದ್ದಾಗ ತಂದು ಆಯಿ ಗಾಳೆವ್ವ
ಆಡಿನ ಹಾಲು ಕುಡಿಸಿ ಬೆಳೆಸಿದ್ದು.
ಕೊಂಬಿನ ಸುರುಳಿಗೆ ನರದ ಉರುಲು ಕಟ್ಟಿ
ಬಯಲಿಗೆ ಬಿಟ್ಟರೆ
ಮೂಗು ಮೇಲೆ ಮಾಡಿ ನಡೆಯುವನು,
ಎಲ್ಲಿಂದಲೋ ಆ ಬಯಲಿನ ಯಜಮಾನ ಸಿಟ್ಟಾಗಿ ಬರುವನು,
ಕೊಂಬಿಗೆ ಕೊಂಬು,
ಉಳಿದದ್ದು ಉರುಲಿನ ಕೆಲಸ.
ತನ್ನ ಕುಲದವರನ್ನು ಹಾಗೆ ಎಷ್ಟು ಜನರನ್ನು
ನಮ್ಮ ಕೈಗಿತ್ತನೋ ಸಾವ್ಕಾರ!
ಪ್ರತಿ ಸಲ ಮನೆಗೆ ಬಂದು ಒಂದು ಹಿಡಿ ಜೋಳ.

ಯುಗಾದಿಗೆ ಎರೆ ಒಣಗಿ ಬಿರಿದಿತ್ತು.
ಮುತ್ಯಾ ಉರುಲು ಕಟ್ಟಿದ, ಬಿಟ್ಟ,
ಕಾರಿಕಂಟಿಯ ಮರೆಗೆ ಮಲಗಿದ.
ಸಾವ್ಕಾರ ನಡೆದ. ಕತ್ತು ಎತ್ತಿದ.
ಗುರ್ ಎಂದು ಕರೆದು ನಿಂತ.
ಹೊತ್ತು ನೆತ್ತಿಗೆ ಬಂತು.
ಇನ್ನೊಂದು ದಿಬ್ಬಕ್ಕೆ ಹೋಗಿ ಅಲ್ಲೂ ಕರೆದ.
ಸಂಜೆಗೆ ಬೇಲಿಯ ಗೂಟಕ್ಕೆ ಕೊಂಬು ತಿಕ್ಕುತ್ತಿದ್ದ,
ಗೂಟದ ಜೊತೆ ಜಗಳ ತೆಗೆದವನಂತೆ.
ಉರುಲು ಗೂಟಕ್ಕೇ ಬಿತ್ತು.
ಬಿಡಿಸಲು ಹೋದ ಮುತ್ಯಾ
ಬಹಳ ಹೊತ್ತು ಬಿಡಿಸುತ್ತಲೇ ಇದ್ದ.

ಹನ್ನೊಂದು ದಿನ ಹೀಗೇ. ಬೇರೆ ಬೇರೆ ಬಯಲು.
ಹನ್ನೆರಡನೇ ದಿನ ಗೌಡರ ಬಾವಿ ತೋಡಲು ಹೋದ.
ಆಯಿ ಉರುಲು ಬಿಚ್ಚಿ ಮಡಚಿ
ಉಪ್ಪಿನ ಗಡಿಗೆಯ ಹಿಂದೆ ಇಟ್ಟಳು, ಬೇಕಾದೀತೆಂದು.
ಸಾವ್ಕಾರನನ್ನು ಕೋಲು ತೋರಿಸಿ ಓಡಿಸಿದಳು:
"ಹೋಗೋ, ಎಲ್ಲೆರ ಒಂದು ಹೆಣ್ಣು ಉಳದಿದ್ದರ ಹುಡುಕ್ಕೋ."
ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ,
ಜೋಳ ಕೇಳುತ್ತ.

ಈಗ ಆ ಎರೆಯಲ್ಲಿ ಮತ್ತೆ ಹಿಂಡುಗಳಿವೆ.
ಗಾಳಿ ಫ್ಯಾನುಗಳ ಕೆಳಗೆ ಮೇಯುತ್ತವೆ,
ಮುಟ್ಟಿದರೆ ಜೇಲು.
ಅವ್ವ ಬಸ್ಸಿನ ಕಿಟಕಿಯಿಂದ ಎಣಿಸುತ್ತಾಳೆ,
ಹೆಣ್ಣು ಎಷ್ಟು, ಮರಿ ಎಷ್ಟು.
ಕರಿ ಗಂಡು ಕಂಡರೆ ಮಾತ್ರ
ಮುಖ ಈ ಕಡೆ ತಿರುಗಿಸಿ
ಟಿಕೇಟು ಎಲ್ಲಿಟ್ಟಿ ಎಂದು ನನ್ನನ್ನು ಕೇಳುತ್ತಾಳೆ.