ನೀರಿಗೆ ಕರಗದ್ದು

ದೀಪ ಹಚ್ಚುವ ಹೊತ್ತಿಗೆ ನನ್ನ ಕಣ್ಣು ಆರುತ್ತಿತ್ತು,
ತೆರೆದೇ ಇದ್ದರೂ.
ಬಲೆಯ ಹಗ್ಗಕ್ಕೆ ಎಡವಿದೆ, ನಾಯಿಯ ಬಾಲ ತುಳಿದೆ.
ಇರುಳುಗಣ್ಣಿ ಎಂದು ಬೈತಖೋಲದ ಹುಡುಗರು ನಕ್ಕರು.

ತುಳಸು ಅತ್ತೆ ನಗಲಿಲ್ಲ.
ಬೋಟು ಬಂದ ಬೆಳಿಗ್ಗೆ, ಯಾರಿಗೂ ಬೇಡದ
ಮೋರಿ ಮೀನಿನ ಲಿವರು ಬೇಡಿ ತಂದಳು,
ಗಡಿಗೆಯಲ್ಲಿ ಸಣ್ಣ ಉರಿಗಿಟ್ಟಳು.
ಓಣಿಗೆ ಓಣಿಯೇ ಮೂಗು ಮುಚ್ಚಿತು.
ಹಳದಿ ಎಣ್ಣೆ ಮೇಲೆ ಬಂತು, ನಿಧಾನ,
ಹೇಳಲು ಮನಸ್ಸಿಲ್ಲದವರ ಮಾತಿನ ಹಾಗೆ.

ಒಂದು ಚಮಚ. ಹಿಂದೆಯೇ ಬೆಲ್ಲ.
ಉಗುಳಿದರೆ ಇನ್ನೊಂದು.

ಹದಿನೆಂಟನೆಯ ದಿನವೋ ಏನೋ, ಕತ್ತಲಲ್ಲಿ
ಮೊದಲು ಮೂಗುತಿ ಕಂಡಿತು,
ಆಮೇಲೆ ಮೂಗು, ಆಮೇಲೆ ಅತ್ತೆ.

ಈಗ ಕೋಡಿಬಾಗದಲ್ಲಿ ನರ್ಸು ನಾನು.
ಹುಟ್ಟಿದ ಕೂಸಿನ ತೊಡೆಗೆ ಕೆ ಚುಚ್ಚುತ್ತೇನೆ,
ರಕ್ತ ಹೆಪ್ಪುಗಟ್ಟುವುದ ಕಲಿಯಲಿ ಎಂದು.
ಕಾಲು ಬಾಗಿದ ಮಗುವಿನ ತಾಯಿಗೆ ಗದರುತ್ತೇನೆ:
ಒಣಮೀನಿಗೆ ಕೊಡುವ ಬಿಸಿಲು ಇದಕ್ಕೂ ಕೊಡೇ,
ಚರ್ಮವೇ ಡಿ ಬೇಯಿಸಿಕೊಳ್ಳುತ್ತದೆ, ಎಲುಬಿಗೆ.
ಹರಿವೆಗೆ, ನುಗ್ಗೆಸೊಪ್ಪಿಗೆ ಎಣ್ಣೆ ಬೀಳಲಿ,
ಬರೀ ನೀರಲ್ಲಿ ಬೇಯಿಸಿದರೆ ಅದರ ಎ ಮೈಗೆ ಹತ್ತುವುದಿಲ್ಲ.
ಇ ಯಾರೂ ಕೇಳುವುದಿಲ್ಲ.
ಶೇಂಗಾದಲ್ಲಿ ಸುಮ್ಮನೆ ಕೂತಿರುತ್ತದೆ,
ದೋಣಿಗೆ ಬಳಿದ ಮೀನೆಣ್ಣೆಯಂತೆ
ಜೀವಕೋಶದ ಅಂಚು ಕಾಯುತ್ತ.

ಮತ್ತೆ, ಎರಡು ಚಮಚ ಕೊಡಬೇಡಿ ಎನ್ನುತ್ತೇನೆ.
ಹೆಚ್ಚಾದದ್ದು ಉಚ್ಚೆಯಲ್ಲಿ ಹೋಗುವ ಜಾತಿಯಲ್ಲ ಇವು.
ಲಿವರಿನಲ್ಲಿ ಕೂತುಬಿಡುತ್ತವೆ, ಸಿಟ್ಟಿನ ಹಾಗೆ.

ಎಷ್ಟು ನೀರು ಈ ಊರಿಗೆ! ಒಂದು ಕಡೆ ಕಾಳಿ, ಒಂದು ಕಡೆ ಕಡಲು.
ಅತ್ತೆಯ ಬೂದಿ ಅಲ್ಲೇ ಬಿಟ್ಟೆವು, ಕರಗಿತು.
ರಾತ್ರಿ ಪಾಳಿ ಮುಗಿಸಿ
ಕರೆಂಟಿಲ್ಲದ ದಾರಿಯಲ್ಲಿ ಸರಸರ ನಡೆಯುತ್ತೇನೆ.
ಬಾಯಲ್ಲಿ ಇನ್ನೂ
ಆ ಹಾಳು ಎಣ್ಣೆಯ ನಾತ.