ತೆತ್ರಿ

ನಮ್ಮ ತೆಲಾವಿಯ ಮಾತಲ್ಲಿ ತೆತ್ರಿ ಎಂದರೆ ಬಿಳಿ.
ಚಿಲ್ಲರೆ ಕಾಸಿಗೂ ಅದೇ ಹೆಸರು.
ನನ್ನ ಮುಂದಿನ ಹಲ್ಲುಗಳಲ್ಲಿ ಎರಡು ತೆತ್ರಿ ಇವೆ,
ಯಾವ ಅಂಗಡಿಯಲ್ಲೂ ಚಲಾವಣೆಯಾಗದವು.

ಹದಿನಾಲ್ಕಕ್ಕೆ ತಂತಿ ಹಾಕಿದರು, ಹದಿನಾರಕ್ಕೆ ಬಿಚ್ಚಿದರು.
ಹಲ್ಲೇನೋ ಕವಾಯತಿಗೆ ನಿಂತ ಹುಡುಗರ ಹಾಗೆ ಸಾಲಾಗಿತ್ತು.
ಬ್ರಾಕೆಟ್ಟು ಕೂತಿದ್ದ ಜಾಗದಲ್ಲಷ್ಟೇ ಹಳೆಯ ಬಣ್ಣ,
ಸುತ್ತಲೂ ಸುಣ್ಣದ ಚೌಕಟ್ಟು,
ಗೋಡೆಯಿಂದ ಪಟ ಇಳಿಸಿದಾಗ ಕಾಣುವಂಥದ್ದು.
ಉಜ್ಜಿದರೆ ಹೋದೀತು ಅಂದಳು ಅಮ್ಮ.
ಕತ್ತರಿಸಿದ ಉಗುರು ಬರುತ್ತದೆ, ಮುರಿದ ಮೂಳೆ ಕೂಡುತ್ತದೆ,
ಹಲ್ಲಿನ ಈ ಹೊರಪದರ ಮಾತ್ರ
ಒಮ್ಮೆ ಕೊಟ್ಟದ್ದಷ್ಟೇ;
ಮತ್ತೆ ಕೇಳಲು ಅದರೊಳಗೆ ಯಾರೂ ಬದುಕಿಲ್ಲ.

ಈಗ ಅದೇ ಕ್ಲಿನಿಕ್ಕಿನಲ್ಲಿ ಸಹಾಯಕಿ ನಾನು.
ಹೊಸ ಮಕ್ಕಳಿಗೆ ತುಟಿ ಎತ್ತಿ ತೋರಿಸುತ್ತೇನೆ,
ಬಿಟ್ಟಿ ಪ್ರದರ್ಶನ. ಆಮೇಲೆ ಪಾಠ:
ತಾರ್ಖುನಾ ಸೋಡಾ ಕುಡಿದ ಕೂಡಲೇ ಉಜ್ಜಬೇಡ,
ಹುಳಿಗೆ ಹಲ್ಲು ಮೆತ್ತಗಾಗಿರುತ್ತದೆ,
ನೀರು ಮುಕ್ಕಳಿಸು, ಅರ್ಧ ಗಂಟೆ ಕಾಯಿ.
ಚುರ್ಚ್‌ಖೇಲಾ ಬೇಡವೇ ಬೇಡ,
ದ್ರಾಕ್ಷಿಪಾಕ ತಂತಿ ಹಿಡಿದರೆ ಬಿಡುವುದಿಲ್ಲ.

ಬಾದ್ರಿಯ ಜೊತೆ ಬಂದಿದ್ದ ಅಜ್ಜ ಗುರಾಮ್ ನಕ್ಕುಬಿಟ್ಟ:
"ಅಂಗಳದಲ್ಲಿ ನೂರು ಎಳೆ ತೂಗುತ್ತಿವೆ,
ಹುಡುಗ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲೇ?"
ನಲವತ್ತು ವರ್ಷ ಕ್ವೆವ್ರಿ ತೊಳೆದವನು,
ನೆಲದಲ್ಲಿ ಹೂತ ವೈನಿನ ಗುಡಾಣಗಳಿಗೆ ಇಳಿದು
ಚೆರ್ರಿ ತೊಗಟೆಯ ಕುಂಚದಲ್ಲಿ ತಿಕ್ಕಿದವನು.
ನನ್ನ ಕೈಯ ಬ್ರಷ್ಷು ಕಿತ್ತುಕೊಂಡ,
ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆ ಎಳೆದುಕೊಂಡ.

"ಹೊಟ್ಟೆ ಎಲ್ಲರೂ ತೊಳೀತಾರೆ ಕಣೋ.
ವೈನು ಕೆಡೋದು ಹೊಟ್ಟೆಯಿಂದಲ್ಲ.
ಕುತ್ತಿಗೆಯ ಕೆಳಗೆ, ಬುಡದ ಮೊನೆಯಲ್ಲಿ,
ಕೈಗೆ ಸಿಗದ ಕಡೆ ಹೋದ ವರ್ಷದ ಮಡ್ಡಿ
ಬೆರಳಷ್ಟು ಉಳಿದರೆ ಸಾಕು,
ಈ ವರ್ಷದ್ದೆಲ್ಲ ವಿನೆಗರು."
ಒಸಡಿನ ಅಂಚು, ಬ್ರಾಕೆಟ್ಟಿನ ಮೇಲೆ, ಕೆಳಗೆ,
ತಂತಿಯ ಹಿಂದೆ ಆ ಸಣ್ಣ ಕುಂಚ
ತೂರಿಸಿ, ತಿರುಗಿಸಿ, ಮತ್ತೆ ತೂರಿಸಿ.
"ತೊಳೆದ ನೀರು ಕುಡಿಯೋ ಹಾಗಾಗಬೇಕು."

ರಾತ್ರಿ ಪೇಸ್ಟು ಉಗುಳಿ, ಮುಕ್ಕಳಿಸದೆ ಮಲಗಬೇಕು ಅಂದೆ.
ಹುಬ್ಬು ಗಂಟಿಕ್ಕಿದ. ಆಮೇಲೆ ತಾನೇ ಅಂದ,
"ಸರಿ, ಗಂಧಕದ ಹೊಗೆ ಹಾಕಿ ಮುಚ್ಚಿದ ಹಾಗೆ."

ಇಪ್ಪತ್ತು ತಿಂಗಳು.
ನಡುವೆ ಒಂದು ಫೆಬ್ರವರಿ, ಕುಸ್ತಿ ಶಿಬಿರದಿಂದ ಬಂದ ಬಾದ್ರಿಯ
ಒಸಡು ಊದಿತ್ತು, ಪಕ್ಕದ ಹಲ್ಲಿನ ಮೇಲೆ
ಸೀಮೆಸುಣ್ಣ ತಾಗಿಸಿದಷ್ಟು ಮಸುಕು.
ಕನ್ನಡಿ ಕೊಟ್ಟೆ, ನೋಡಿದ, ಮುಖ ತಿರುಗಿಸಿದ.
ಅಂದಿನಿಂದ ರಾತ್ರಿ ಒಂಬತ್ತೂವರೆಗೆ
ಹಳ್ಳಿಯಿಂದ ಅಜ್ಜನ ಫೋನು,
ಹಲೋ ಇಲ್ಲ, ಊಟ ಆಯಿತೇ ಇಲ್ಲ:
"ನೀರು ತಿಳಿಯಾಯಿತಾ?"

ಹೋದ ವಾರ ಬಿಚ್ಚಿದೆವು. ದ್ರಾಕ್ಷಿ ಕೊಯ್ಲಿನ ನಡುವೆ
ಬೆರಳೆಲ್ಲ ಕಪ್ಪಾಗಿಸಿಕೊಂಡೇ ಬಂದಿದ್ದ ಅಜ್ಜ.
ಇಕ್ಕಳ, ಟಿಕ್, ಸ್ಟೀಲು ತಟ್ಟೆಗೆ ಒಂದೊಂದೇ ಚೌಕ.
ಅಂಟು ಕೆರೆದು ಗಾಳಿ ಊದಿದೆ;
ಒಣಗಿದ ಹಲ್ಲು ಸುಳ್ಳು ಹೇಳುವುದಿಲ್ಲ.
ಒಂದೊಂದನ್ನೂ ದೀಪದ ಕೆಳಗೆ ಹುಡುಕಿದೆ.
ಆ ಫೆಬ್ರವರಿಯ ಮಸುಕು
ಅಲ್ಲೇ, ಅಷ್ಟೇ, ನನಗೊಬ್ಬಳಿಗೆ ಕಾಣುವಷ್ಟು.
ಉಳಿದಂತೆ ಏನೂ ಇಲ್ಲ.
ಏನೂ ಇಲ್ಲದ್ದನ್ನು ಅಷ್ಟು ಹೊತ್ತು
ನಾನು ಯಾವತ್ತೂ ನೋಡಿರಲಿಲ್ಲ.

ಬಾದ್ರಿ ನಾಲಗೆ ಆಡಿಸಿ "ಜಾರುತ್ತೆ" ಅಂದ.
ಅಜ್ಜ ಮೊಬೈಲಿನ ಬೆಳಕು ಹಾಕಿ
ಗುಡಾಣಕ್ಕೆ ಬಗ್ಗಿದ ಹಾಗೆ ಬಗ್ಗಿ,
"ತುಂಬಬಹುದು" ಅಂದ,
ಕೋಟಿನ ಜೇಬಿಂದ ಪೇಪರು ಸುತ್ತಿದ ಚುರ್ಚ್‌ಖೇಲಾ ತೆಗೆದು
ಮೂರು ತುಂಡು ಮಾಡಿದ.

ತಿಂದು, ಮೂವರೂ ಸಿಂಕಿನ ಮುಂದೆ ನಿಂತೆವು.
ನೀರು ತಿಳಿಯಾಗಲು ನನಗೇ ಹೆಚ್ಚು ಹೊತ್ತು ಹಿಡಿಯಿತು.